‘ಪರಿಷ್ಕೃತ ಡೀಲ್’ ಅಂದ್ರೆ ಏನು? ಸಣ್ಣ ಕಂಪನಿಯ ಒಪ್ಪಂದ ಬದಲಾದಾಗ ಲಾಭ ಯಾರ ಕಡೆಯಿಂದ ಬರುತ್ತೆ

‘ಪರಿಷ್ಕೃತ ಒಪ್ಪಂದಕ್ಕೆ ಹೂಡಿಕೆದಾರರ ಒಲವು’, ‘ಹೊಸ ಷರತ್ತುಗಳಿಂದ ಷೇರುದಾರರಿಗೆ ಹೆಚ್ಚಿನ ಲಾಭ’. ವ್ಯಾಪಾರ ಪುಟದಲ್ಲಿ ಇಂಥ ಶೀರ್ಷಿಕೆಗಳನ್ನು ನೀವೂ ನೋಡಿರುತ್ತೀರಿ. ಒಂದು ಸಣ್ಣ ಕಂಪನಿಯನ್ನು ಇನ್ನೊಂದು ಕಂಪನಿ ಕೊಳ್ಳಲು ಮುಂದಾಗುತ್ತೆ, ಮಾತುಕತೆ ಎಲ್ಲೋ ಸಿಕ್ಕಿಬೀಳುತ್ತೆ, ಕೆಲ ತಿಂಗಳ ನಂತರ ಅದೇ ಡೀಲ್ ಬೇರೆ ರೂಪದಲ್ಲಿ ವಾಪಸ್ ಬರುತ್ತೆ. ಬೆಲೆ ಸ್ವಲ್ಪ ಏರಿರುತ್ತೆ ಅಥವಾ ಇಳಿದಿರುತ್ತೆ. ಸುದ್ದಿ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತೆ.

ಇಂಥ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಬೆಲೆಯನ್ನಲ್ಲ. ಹಳೆಯ ಕರಡಿನಲ್ಲಿ ಯಾರಿಗೆ ಎಷ್ಟು ಸಿಗುತ್ತಿತ್ತು, ಹೊಸದರಲ್ಲಿ ಎಷ್ಟು ಸಿಗುತ್ತೆ ಎಂಬ ಲೆಕ್ಕ ಹುಡುಕುತ್ತೇನೆ. ಯಾಕಂದ್ರೆ ಪರಿಷ್ಕೃತ ಡೀಲ್‌ನ ಲಾಭ ಬರುವುದು ಎರಡೇ ದಾರಿಯಲ್ಲಿ. ಒಂದು, ಹೊಸ ವ್ಯವಸ್ಥೆಯಿಂದ ಕಂಪನಿಯೇ ಹೆಚ್ಚು ಬೆಲೆಬಾಳುವಂತಾಗುವುದು. ಎರಡು, ಇನ್ಯಾರದೋ ಪಾಲು ಕಡಿಮೆ ಮಾಡಿ ಆ ದುಡ್ಡನ್ನು ಈ ಕಡೆ ಸರಿಸುವುದು. ಪತ್ರಿಕಾ ಪ್ರಕಟಣೆಯಲ್ಲಿ ಎರಡಕ್ಕೂ ‘ಮೌಲ್ಯವೃದ್ಧಿ’ ಅಂತಲೇ ಹೆಸರು. ಇವೆರಡನ್ನೂ ಬಿಡಿಸಿ ನೋಡುವುದು ಹೇಗೆ ಅನ್ನುವುದಕ್ಕೆ ಈ ಬರಹ. ನಿಮಗೆ ಕಂಪನಿಯ ಷೇರು ಇರಲಿ, ಸ್ಟಾರ್ಟಪ್‌ನ ಇಸಾಪ್ ಇರಲಿ, ಅಥವಾ ಮನೆಯವರ ಉಳಿತಾಯ ಬ್ಯಾಂಕಿನಲ್ಲಷ್ಟೇ ಇರಲಿ, ಇದು ನಿಮಗೂ ಸಂಬಂಧಪಟ್ಟ ವಿಷಯವೇ.

ಡೀಲ್ ಯಾಕೆ ಬದಲಾಗುತ್ತೆ?

ಕಾರಣಗಳು ಸಾಮಾನ್ಯವಾಗಿ ನಾಲ್ಕು. ಕೊಳ್ಳುವವರು ಲೆಕ್ಕಪತ್ರ ಪರಿಶೀಲಿಸಿದಾಗ ತೆರಿಗೆ ಬಾಕಿ, ಕೋರ್ಟ್ ಕೇಸು, ವಸೂಲಾಗದ ಬಿಲ್ಲುಗಳು ಸಿಗುತ್ತವೆ. ಕೊಳ್ಳುವವರ ಕೈಯಲ್ಲೇ ನಗದು ಕಡಿಮೆಯಾಗುತ್ತೆ. ಸಾಲ ಕೊಟ್ಟ ಬ್ಯಾಂಕ್ ಒಪ್ಪುವುದಿಲ್ಲ. ಅಥವಾ ಷೇರುದಾರರ ಒಂದು ಗುಂಪು ತಕರಾರು ತೆಗೆಯುತ್ತೆ. ಮೊದಲೆರಡು ಕಾರಣಗಳಿಂದ ಬದಲಾದ ಡೀಲ್ ಮಾರುವವರಿಗೆ ಸಾಮಾನ್ಯವಾಗಿ ಕೆಟ್ಟದು. ಕೊನೆಯ ಎರಡರಿಂದ ಬದಲಾದದ್ದು ಕೆಲವರಿಗೆ ಒಳ್ಳೆಯದು, ಕೆಲವರಿಗೆ ಕೆಟ್ಟದು. ಹಾಗಾಗಿ ‘ಯಾಕೆ ಬದಲಾಯ್ತು’ ಅನ್ನುವುದೇ ಮೊದಲ ಪ್ರಶ್ನೆ.

ಬೆಲೆ ಬೇರೆ, ಕೈಗೆ ಬರುವ ದುಡ್ಡು ಬೇರೆ

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಬ್ಯಾಂಕ್ ಸಾಲ 15 ಕೋಟಿ, ಸರಕು ಕೊಟ್ಟವರಿಗೆ ಬಾಕಿ 5 ಕೋಟಿ. ಮಾರಾಟದ ಹಣದಿಂದಲೇ ಇವೆರಡನ್ನೂ ತೀರಿಸಬೇಕು. ಮೊದಲ ಡೀಲ್: 40 ಕೋಟಿ, ಪೂರ್ತಿ ನಗದು. ಸಾಲ, ಬಾಕಿ ಕಳೆದು ಷೇರುದಾರರಿಗೆ ಉಳಿಯುವುದು 20 ಕೋಟಿ.

ಪರಿಷ್ಕೃತ ಡೀಲ್: 44 ಕೋಟಿ. ಇದರಲ್ಲಿ 20 ಕೋಟಿ ನಗದು, 14 ಕೋಟಿ ಬೆಲೆಯ ಕೊಳ್ಳುವ ಕಂಪನಿಯ ಷೇರು, ಉಳಿದ 10 ಕೋಟಿ ಎರಡು ವರ್ಷದ ನಂತರ, ಅದೂ ಲಾಭದ ಗುರಿ ಮುಟ್ಟಿದರೆ ಮಾತ್ರ. ಈ ಕೊನೆಯದಕ್ಕೆ ಮಾರುಕಟ್ಟೆಯಲ್ಲಿ ‘ಅರ್ನ್‌ಔಟ್’ ಅಂತಾರೆ.

ಶೀರ್ಷಿಕೆಯಲ್ಲಿ ಬೆಲೆ 4 ಕೋಟಿ ಏರಿತು. ಆದರೆ ಬಂದ 20 ಕೋಟಿ ನಗದು ಬ್ಯಾಂಕಿಗೂ ಸರಕು ಕೊಟ್ಟವರಿಗೂ ಹೋಗುತ್ತೆ. ಷೇರುದಾರರ ಕೈಲಿ ಉಳಿಯುವುದು ಕಾಗದ ಮತ್ತು ಭರವಸೆ. ಕೊಳ್ಳುವ ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ ಆ ಷೇರನ್ನು ಬೇಕೆಂದಾಗ ಮಾರಲಾಗದು. ಅದಕ್ಕೆ ಅರ್ಧ ಬೆಲೆ ಕಟ್ಟಿ, 7 ಕೋಟಿ. ಲಾಭದ ಗುರಿ ಮುಟ್ಟುವ ಸಾಧ್ಯತೆ ಅರ್ಧಕ್ಕರ್ಧ ಅಂದುಕೊಂಡರೆ 5 ಕೋಟಿ. ಒಟ್ಟು 12 ಕೋಟಿ. ಬೆಲೆ ಏರಿದ ಡೀಲ್‌ನಲ್ಲಿ ಷೇರುದಾರರ ಪಾಲು 20ರಿಂದ 12ಕ್ಕೆ ಇಳಿಯಿತು.

ಈಗ ಇನ್ನೊಂದು ತಿರುವು. ‘ಸರಕು ಕೊಟ್ಟವರು 5 ಕೋಟಿಯ ಬದಲು 3 ಕೋಟಿಗೆ ಒಪ್ಪಬೇಕು’ ಎಂಬ ಷರತ್ತು ಸೇರಿಸಿದರು ಅನ್ನಿ. ಷೇರುದಾರರ ಪಾಲು 14 ಕೋಟಿಗೆ ಏರುತ್ತೆ. ಈ 2 ಕೋಟಿಯನ್ನು ಯಾರೂ ಸಂಪಾದಿಸಿಲ್ಲ. ಪಕ್ಕದ ಬೀದಿಯ ಫೌಂಡ್ರಿ, ಪ್ಲೇಟಿಂಗ್ ಶೆಡ್ಡು, ಲಾರಿ ಮಾಲೀಕರ ಜೇಬಿನಿಂದ ಅದು ಸರಿದು ಬಂದಿದೆ. ‘ಹೂಡಿಕೆದಾರರಿಗೆ ಲಾಭ’ ಎಂಬ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಿಜವಾದ ಡೀಲ್‌ಗಳಲ್ಲೂ ಈ ನಗದು–ಕಾಗದದ ವ್ಯತ್ಯಾಸ ದೊಡ್ಡದು. ಡಿಎಚ್‌ಎಫ್‌ಎಲ್ ಸಣ್ಣ ಕಂಪನಿಯಲ್ಲ, ಆದರೆ ಅದರ ಲೆಕ್ಕ ಬಹಿರಂಗವಾಗಿದೆ. 2021ರಲ್ಲಿ ಪಿರಮಲ್ ಸಮೂಹ ಅದಕ್ಕೆ ಕೊಟ್ಟಿದ್ದು 34,250 ಕೋಟಿ. ಅದರಲ್ಲಿ ನಗದು 14,700 ಕೋಟಿ. ಉಳಿದ 19,550 ಕೋಟಿ ಹತ್ತು ವರ್ಷದ ಸಾಲಪತ್ರ, ವರ್ಷಕ್ಕೆ ಶೇ 6.75 ಬಡ್ಡಿ. ಅರ್ಧಕ್ಕಿಂತ ಹೆಚ್ಚು ಹಣ ‘ಮುಂದೆ ಕೊಡ್ತೀವಿ’ ಎಂಬ ರೂಪದಲ್ಲಿತ್ತು.

ಸರತಿ ಸಾಲು: ಯಾರು ಮುಂದೆ, ಯಾರು ಹಿಂದೆ

ಪ್ರತಿ ಕಂಪನಿಯ ಹಣಕ್ಕೂ ಒಂದು ಸರತಿ ಸಾಲಿರುತ್ತೆ. ಕಂಪನಿ ಚೆನ್ನಾಗಿ ನಡೆಯುವಾಗ ಅದು ಕಾಣುವುದಿಲ್ಲ, ಹಣ ಸಾಲದಿದ್ದಾಗ ಕಾಣುತ್ತೆ. 2016ರ ದಿವಾಳಿ ಸಂಹಿತೆಯ ಸೆಕ್ಷನ್ 53 ಈ ಸಾಲನ್ನು ಬರೆದಿಟ್ಟಿದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ತಮ್ಮ ಅಡಮಾನವನ್ನು ಬಿಟ್ಟುಕೊಟ್ಟ ಭದ್ರತಾ ಸಾಲಗಾರರು, ಇಬ್ಬರಿಗೂ ಸಮಾನ ಸ್ಥಾನ. ಆಮೇಲೆ ಇತರ ನೌಕರರ 12 ತಿಂಗಳ ಬಾಕಿ. ಅದರ ಹಿಂದೆ ಅಡಮಾನವಿಲ್ಲದೆ ಹಣ ಸಾಲ ಕೊಟ್ಟವರು. ಮುಂದೆ ಸರ್ಕಾರದ ಬಾಕಿ. ಅದಕ್ಕೂ ಹಿಂದೆ ಉಳಿದ ಸಾಲಗಳು. ಸರಕು, ಸೇವೆ ಕೊಟ್ಟು ಬಿಲ್ಲು ಹಿಡಿದು ನಿಂತವರು ಸಾಮಾನ್ಯವಾಗಿ ಇಲ್ಲಿರುತ್ತಾರೆ. ಕೊನೆಯಲ್ಲಿ ಆದ್ಯತಾ ಷೇರುದಾರರು, ಕಟ್ಟಕಡೆಗೆ ಸಾಮಾನ್ಯ ಷೇರುದಾರರು.

ಸ್ಟಾರ್ಟಪ್‌ಗಳಲ್ಲಿ ಈ ಸಾಲು ಕಾನೂನಿಗಿಂತ ಹೆಚ್ಚಾಗಿ ಒಪ್ಪಂದದಲ್ಲಿ ಅಡಗಿರುತ್ತೆ. ಅದಕ್ಕೆ ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಅಂತ ಹೆಸರು. ಅಂದ್ರೆ, ಕಂಪನಿ ಮಾರಾಟವಾದರೆ ವೆಂಚರ್ ಹೂಡಿಕೆದಾರರು ಹಾಕಿದ ಹಣ ಮೊದಲು ವಾಪಸ್. ಒಂದು ಸ್ಟಾರ್ಟಪ್‌ಗೆ ಹೂಡಿಕೆದಾರರು 50 ಕೋಟಿ ಹಾಕಿ ಶೇ 30 ಪಾಲು ಹೊಂದಿದ್ದಾರೆ ಅನ್ನಿ. ಕಂಪನಿ 60 ಕೋಟಿಗೆ ಮಾರಾಟವಾದರೆ, ಶೇ 30ರ ಲೆಕ್ಕದಲ್ಲಿ ಅವರಿಗೆ 18 ಕೋಟಿ ಬರಬೇಕು ಅಂತ ಅನ್ನಿಸುತ್ತೆ. ಹಾಗಾಗಲ್ಲ. ಆದ್ಯತೆ ಬಳಸಿ 50 ಕೋಟಿ ತಗೋತಾರೆ. ಉಳಿದ 10 ಕೋಟಿ ಸ್ಥಾಪಕರಿಗೆ ಮತ್ತು ಇಸಾಪ್ ಇರುವ ಉದ್ಯೋಗಿಗಳಿಗೆ. ಡೀಲ್ ಪರಿಷ್ಕಾರವಾಗಿ ಬೆಲೆ 55 ಕೋಟಿಗೆ ಇಳಿದರೆ? ಬೆಲೆ ಇಳಿದದ್ದು ಸುಮಾರು ಶೇ 8. ಉದ್ಯೋಗಿಗಳ ಕಡೆ ಉಳಿಯುವ ಹಣ 10ರಿಂದ 5 ಕೋಟಿಗೆ, ಅಂದ್ರೆ ಅರ್ಧಕ್ಕೆ. ಸಾಲಿನಲ್ಲಿ ಹಿಂದೆ ನಿಂತವರಿಗೆ ಸಣ್ಣ ಪರಿಷ್ಕರಣೆಯೂ ದೊಡ್ಡ ಪೆಟ್ಟು ಕೊಡುತ್ತೆ. ಸಂಬಳ ಕಡಿಮೆ ತಗೊಂಡು ಇಸಾಪ್ ನಂಬಿ ದುಡಿದ ಹುಡುಗ ಹುಡುಗಿಯರಿಗೆ ಈ ಸಾಲಿನ ವಿಷಯ ಗೊತ್ತಾಗುವುದು ಸಾಮಾನ್ಯವಾಗಿ ಕೊನೆಗೆ.

ಮತ ಯಾರದ್ದು?

ರಾಜಕೀಯದಲ್ಲಿ ಆಸಕ್ತಿ ಇರುವವರು ಬೆಲೆಗಿಂತ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಕಂಪನಿ ಪುನರ್‌ರಚನೆಗೆ ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೂರರಲ್ಲೂ ಮತದಾರರ ಪಟ್ಟಿ ಬೇರೆ ಬೇರೆ.

ಮೊದಲನೆಯದು 2013ರ ಕಂಪನಿ ಕಾಯ್ದೆಯ ಸೆಕ್ಷನ್ 230ರಿಂದ 232. ವಿಲೀನ, ವಿಭಜನೆ, ಸಾಲದ ಮರುಹೊಂದಾಣಿಕೆ ಇದರಡಿ ನಡೆಯುತ್ತವೆ. ಮತ ಹಾಕಿದವರಲ್ಲಿ ಸಂಖ್ಯೆಯಲ್ಲಿ ಬಹುಮತ ಬೇಕು, ಮೌಲ್ಯದಲ್ಲಿ ನಾಲ್ಕನೇ ಮೂರು ಭಾಗ ಬೇಕು, ಆಮೇಲೆ ಎನ್‌ಸಿಎಲ್‌ಟಿ ಒಪ್ಪಿಗೆ. ಆದರೆ ಯೋಜನೆಗೆ ಆಕ್ಷೇಪ ಎತ್ತಬೇಕಾದರೆ ಕನಿಷ್ಠ ಶೇ 10 ಷೇರು, ಅಥವಾ ಒಟ್ಟು ಬಾಕಿ ಸಾಲದ ಶೇ 5 ನಿಮ್ಮದಾಗಿರಬೇಕು. ನೂರು ಷೇರು ಇರುವವರಿಗೆ ಮತ ಇದೆ, ಒಂಟಿಯಾಗಿ ಆಕ್ಷೇಪ ಎತ್ತುವ ಹಕ್ಕಿಲ್ಲ.

ಎರಡನೆಯದು ಸೆಕ್ಷನ್ 233, ಸಣ್ಣ ಕಂಪನಿಗಳ ತ್ವರಿತ ವಿಲೀನ. ಇಲ್ಲಿ ಎನ್‌ಸಿಎಲ್‌ಟಿಗೆ ಹೋಗಬೇಕಿಲ್ಲ, ಆದರೆ ಒಟ್ಟು ಷೇರುಗಳ ಕನಿಷ್ಠ ಶೇ 90 ಒಪ್ಪಿಗೆ ಬೇಕು, ಸಾಲಗಾರರಲ್ಲೂ ಮೌಲ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಪ್ಪಬೇಕು. ಹಾಗಾಗಿ ಶೇ 10ಕ್ಕಿಂತ ಸ್ವಲ್ಪ ಹೆಚ್ಚು ಷೇರು ಇರುವ ಒಂದು ಗುಂಪು ಇಡೀ ಡೀಲನ್ನು ನಿಲ್ಲಿಸಬಹುದು. ಸಣ್ಣ ಕಂಪನಿಗಳಲ್ಲಿ ‘ಪರಿಷ್ಕೃತ’ ಕರಡು ಬರಲು ಇದೂ ಒಂದು ಕಾರಣ.

ಮೂರನೆಯದು ದಿವಾಳಿ ಸಂಹಿತೆ. ಇಲ್ಲಿ ತೀರ್ಮಾನ ಸಾಲಗಾರರ ಸಮಿತಿಯದು, ಬೇಕಾದದ್ದು ಶೇ 66 ಮತ. ಸಮಿತಿಯಲ್ಲಿ ಮತ ಇರುವುದು ಬ್ಯಾಂಕ್, ಹಣಕಾಸು ಸಂಸ್ಥೆಗಳಂಥ ಹಣಕಾಸು ಸಾಲಗಾರರಿಗೆ ಮಾತ್ರ. ಸರಕು ಕೊಟ್ಟವರಿಗೆ ಮತವಿಲ್ಲ, ಕಾರ್ಮಿಕರಿಗೆ ಮತವಿಲ್ಲ, ಷೇರುದಾರರಿಗೂ ಇಲ್ಲ. ಸಮಿತಿಯ ‘ವಾಣಿಜ್ಯ ವಿವೇಕ’ದಲ್ಲಿ ಕೋರ್ಟ್‌ಗಳು ತಲೆಹಾಕಬಾರದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2019ರ ಎಸ್ಸಾರ್ ಸ್ಟೀಲ್ ತೀರ್ಪಿನಲ್ಲಿ ಗಟ್ಟಿಗೊಳಿಸಿತು.

ಸಣ್ಣ ಉದ್ಯಮಗಳಿಗೆ 2021ರಲ್ಲಿ ಇದೇ ಸಂಹಿತೆಯೊಳಗೆ ‘ಪ್ರೀ-ಪ್ಯಾಕ್’ ಎಂಬ ದಾರಿ ಬಂತು. ಕನಿಷ್ಠ 10 ಲಕ್ಷ ರೂಪಾಯಿ ಬಾಕಿ ಉಳಿಸಿಕೊಂಡ ಎಂಎಸ್‌ಎಂಇ, ಸಾಲಗಾರರ ಜೊತೆ ಮೊದಲೇ ಮಾತಾಡಿ ಯೋಜನೆ ಸಿದ್ಧಪಡಿಸಿ ಎನ್‌ಸಿಎಲ್‌ಟಿಗೆ ಹೋಗುತ್ತೆ. ಪ್ರಕ್ರಿಯೆ 120 ದಿನದಲ್ಲಿ ಮುಗಿಯಬೇಕು. ಕಂಪನಿ ಹಳೆಯ ಆಡಳಿತ ಮಂಡಳಿಯ ಕೈಯಲ್ಲೇ ಇರುತ್ತೆ. ಇದರಲ್ಲಿ ಒಂದು ಒಳ್ಳೆಯ ಅಂಶವಿದೆ: ಮಾಲೀಕರ ಯೋಜನೆ ಸರಕು ಕೊಟ್ಟವರ ಬಾಕಿಯನ್ನು ಕಡಿತ ಮಾಡಿದರೆ, ಅದಕ್ಕಿಂತ ಉತ್ತಮ ಯೋಜನೆ ತರಲು ಬೇರೆಯವರನ್ನೂ ಕರೆಯಲೇಬೇಕು. ‘ಪಕ್ಕದವರ ದುಡ್ಡು ಕಡಿದು ನಿನ್ನ ಕಂಪನಿ ಉಳಿಸಿಕೊಳ್ಳೋದಾದ್ರೆ, ಮೊದಲು ಪೈಪೋಟಿ ಎದುರಿಸು’ ಅನ್ನುವ ತರ್ಕ. ನನ್ನ ಪ್ರಕಾರ ಪರಿಷ್ಕೃತ ಡೀಲ್‌ಗಳನ್ನು ಅಳೆಯಲು ನಮ್ಮ ಕಾನೂನಿನಲ್ಲೇ ಇರುವ ಅತ್ಯುತ್ತಮ ಅಳತೆಗೋಲು ಇದು.

ಮೂರು ಪಾಠಗಳು

ಸ್ನ್ಯಾಪ್‌ಡೀಲ್, 2017. 2016ರ ಆರಂಭದಲ್ಲಿ 650 ಕೋಟಿ ಡಾಲರ್ ಮೌಲ್ಯ ಕಟ್ಟಿಸಿಕೊಂಡಿದ್ದ ಕಂಪನಿ ಮರುವರ್ಷವೇ ಸೊರಗಿತ್ತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೊಳ್ಳಲು ಬಂತು. ವರದಿಗಳ ಪ್ರಕಾರ ಮೊದಲ ಪ್ರಸ್ತಾಪ 80–85 ಕೋಟಿ ಡಾಲರ್, ಅದನ್ನು ಮಂಡಳಿ ತಿರಸ್ಕರಿಸಿತು. ಪರಿಷ್ಕೃತ ಪ್ರಸ್ತಾಪ 90–95 ಕೋಟಿ. ಆದರೆ ಜಗಳ ಇದ್ದದ್ದು ಒಟ್ಟು ಬೆಲೆಯ ಬಗ್ಗೆ ಮಾತ್ರ ಅಲ್ಲ. ಸ್ಥಾಪಕರಿಗೂ ಕೆಲವು ಆರಂಭಿಕ ಹೂಡಿಕೆದಾರರಿಗೂ ವಿಶೇಷ ಪಾವತಿ ಕೊಡುವ ಮಾತು ಬಂದಾಗ, ಸಣ್ಣ ಪಾಲು ಹೊಂದಿದ್ದ ಪ್ರೇಮ್‌ಜಿ ಇನ್ವೆಸ್ಟ್ ಮಂಡಳಿಗೆ ಪತ್ರ ಬರೆದು ಆಕ್ಷೇಪಿಸಿತು: ಎಲ್ಲ ಷೇರುದಾರರಿಗೂ ಒಂದೇ ನ್ಯಾಯ ಇರಬೇಕು ಅನ್ನುವುದು ಅದರ ವಾದ. ಆ ವರ್ಷ ಜುಲೈ 31ರಂದು ಮಾತುಕತೆ ಮುರಿದುಬಿತ್ತು. ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆಯೇ ಪತ್ರ ಬರೆದು ಕೇಳಬೇಕಾಯ್ತು ಅಂದ್ರೆ, ಹತ್ತಿಪ್ಪತ್ತು ಸಾವಿರ ಹಾಕಿದವರ ಮಾತು ಎಲ್ಲಿಗೆ ಮುಟ್ಟುತ್ತೆ ಯೋಚಿಸಿ.

ರುಚಿ ಸೋಯಾ, 2019. ದಿವಾಳಿ ಪ್ರಕ್ರಿಯೆಯಲ್ಲಿ ಪತಂಜಲಿ ಸಮೂಹ ಇದನ್ನು ಸುಮಾರು 4,350 ಕೋಟಿಗೆ ಪಡೆಯಿತು. ಹಳೆಯ ಷೇರುದಾರರ 100 ಷೇರು 1 ಷೇರಾಯಿತು. 2020ರ ಜನವರಿಯಲ್ಲಿ ಷೇರು ಮತ್ತೆ ಪೇಟೆಗೆ ಬಂದಾಗ ಬೆಲೆ 20 ರೂಪಾಯಿಗಿಂತ ಕಡಿಮೆ, ಜೂನ್ ವೇಳೆಗೆ 1,500 ದಾಟಿತು. ‘ನೋಡಿ, ಪುನರ್‌ರಚನೆಯ ಲಾಭ!’ ಅಂತ ಎಷ್ಟೋ ಜನ ಕುಣಿದರು. ಆದರೆ ಸಾರ್ವಜನಿಕರ ಬಳಿ ಇದ್ದದ್ದು ಕಂಪನಿಯ ಸುಮಾರು ಶೇ 1 ಷೇರು ಮಾತ್ರ. ಬೆರಳೆಣಿಕೆಯ ಷೇರಿಗೆ ನೂಕುನುಗ್ಗಲಾದರೆ ಏರುವ ಬೆಲೆ ಕಂಪನಿಯ ಬೆಲೆಯಲ್ಲ. 2021ರಲ್ಲಿ ನಿಯಮ ಬದಲಾಗಿ, ಹೀಗೆ ಮರಳಿ ಬರುವ ಕಂಪನಿಗಳಲ್ಲಿ ಕನಿಷ್ಠ ಶೇ 5 ಸಾರ್ವಜನಿಕ ಪಾಲು ಕಡ್ಡಾಯವಾಯಿತು.

ಡಿಎಚ್‌ಎಫ್‌ಎಲ್, 2021. ಇಲ್ಲಿ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ, ಷೇರೇ ಪಟ್ಟಿಯಿಂದ ಹೋಯಿತು. ಇನ್ನೂ ಸೂಕ್ಷ್ಮವಾದ ಸಂಗತಿ ಬೇರೆ ಇದೆ. ಹಳೆಯ ಆಡಳಿತದ ವಂಚನೆಯ ವ್ಯವಹಾರಗಳಿಂದ ಮುಂದೆ ವಸೂಲಾಗಬಹುದಾದ ಹಣಕ್ಕೆ ಯೋಜನೆಯಲ್ಲಿ ಕಟ್ಟಿದ ಬೆಲೆ 1 ರೂಪಾಯಿ. ವಸೂಲಾದರೆ ಅದು ಹೊಸ ಮಾಲೀಕರಿಗೆ. ಇದನ್ನು ಮರುಪರಿಶೀಲಿಸಿ ಅಂತ ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ ಸಾಲಗಾರರ ಸಮಿತಿಯ ನಿರ್ಧಾರವನ್ನೇ ಎತ್ತಿಹಿಡಿಯಿತು. ಡೀಲ್‌ನ ನಿಜವಾದ ಲಾಭ ಕೆಲವೊಮ್ಮೆ ಬೆಲೆಯ ಸಾಲಿನಲ್ಲಿ ಇರುವುದೇ ಇಲ್ಲ, ಷರತ್ತುಗಳ ನಡುವೆ ಕೂತಿರುತ್ತೆ.

ಕೋಣೆಯ ಹೊರಗೆ ನಿಂತವರು

ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಬಿಲ್ಲಿನ ಹಣ 45 ದಿನದೊಳಗೆ ಸಿಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಾಕಿ ಉಳಿಸಿಕೊಂಡ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ದಿನದಿಂದ ವಸೂಲಿ ದಾವೆಗಳಿಗೆ ತಡೆ ಬೀಳುತ್ತೆ. ಕಾಗದದ ಮೇಲೆ ಬಲಶಾಲಿಯಾದ ಈ ಹಕ್ಕು, ಹೆಚ್ಚು ಬೇಕಾದ ಹೊತ್ತಲ್ಲೇ ಕೈಕೊಡುತ್ತೆ.

ಕಾರ್ಮಿಕರ ಕಥೆಯೂ ಹೀಗೇ. ಕಂಪನಿ ಮುಚ್ಚುವ ಅರ್ಜಿಯಲ್ಲಿ ತಮ್ಮ ಮಾತು ಹೇಳುವ ಹಕ್ಕು ಕಾರ್ಮಿಕರಿಗಿದೆ ಅಂತ ಸುಪ್ರೀಂ ಕೋರ್ಟ್ ನ್ಯಾಷನಲ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಪ್ರಕರಣದಲ್ಲಿ 1983ರ ಹೊತ್ತಿಗೇ ಹೇಳಿದೆ. ಭವಿಷ್ಯನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಗಳನ್ನು ದಿವಾಳಿಯಾದ ಕಂಪನಿಯ ಹಂಚಿಕೆ ಆಸ್ತಿಗೆ ಸೇರಿಸುವಂತಿಲ್ಲ ಅಂತ ದಿವಾಳಿ ಸಂಹಿತೆಯೂ ಹೇಳುತ್ತೆ. ವಿಲೀನದ ನೋಟಿಸ್‌ನಲ್ಲಿ ಉದ್ಯೋಗಿಗಳ ಮೇಲಾಗುವ ಪರಿಣಾಮ ಬರೆಯಬೇಕು ಅನ್ನುವ ನಿಯಮವಿದೆ. ನಾನು ಓದಿದ ನೋಟಿಸ್‌ಗಳಲ್ಲಿ ಬಹಳಷ್ಟರಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ ಸಾಲು: ‘ಯಾವ ಪ್ರತಿಕೂಲ ಪರಿಣಾಮವೂ ಇಲ್ಲ’. ಅದೇ ನೋಟಿಸ್‌ನಲ್ಲಿ ಷೇರು ವಿನಿಮಯದ ಅನುಪಾತಕ್ಕೆ ಪುಟಗಟ್ಟಲೆ ಲೆಕ್ಕ. ಕೇಳಿಸಿಕೊಳ್ಳುವುದು ಒಂದು, ಮತ ಕೊಡುವುದು ಇನ್ನೊಂದು.

ಹಾಗಾದ್ರೆ ಎಲ್ಲ ಪರಿಷ್ಕರಣೆಯೂ ಮೋಸವಾ?

ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕಂದ್ರೆ ‘ಬಂಡವಾಳಿಗರ ಆಟ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ನಷ್ಟವಾಗುವುದೂ ಹಿಂದೆ ನಿಂತವರಿಗೇ. ಜೆಟ್ ಏರ್‌ವೇಸ್ ವಿಮಾನಗಳು 2019ರ ಏಪ್ರಿಲ್‌ನಲ್ಲಿ ನಿಂತವು. 2021ರ ಜೂನ್‌ನಲ್ಲಿ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಷರತ್ತು ಪೂರೈಸುವ ಜಗಳ ಎಳೆದಾಡಿ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶಿಸಿತು. ಐದೂವರೆ ವರ್ಷದಲ್ಲಿ ವಿಮಾನ, ಪರವಾನಗಿ, ನುರಿತ ಸಿಬ್ಬಂದಿ ಎಲ್ಲದರ ಬೆಲೆಯೂ ಕರಗಿತು. ಸಣ್ಣ ಕಂಪನಿಯಲ್ಲಿ ಈ ಕರಗುವಿಕೆ ಇನ್ನೂ ವೇಗ. ಆರು ತಿಂಗಳು ಯಂತ್ರ ನಿಂತರೆ ಗಿರಾಕಿಗಳು ಬೇರೆ ಕಡೆ ಹೋಗಿರುತ್ತಾರೆ, ಕೆಲಸಗಾರರೂ ಹೋಗಿರುತ್ತಾರೆ.

ಹಾಗಾಗಿ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಕಂಪನಿ ಉಳಿಸುವ ಪರಿಷ್ಕರಣೆ ಒಳ್ಳೆಯದೇ. ಬ್ಯಾಂಕ್ ಬಡ್ಡಿ ಇಳಿಸಿ ಅವಧಿ ಹೆಚ್ಚಿಸಿತು, ಮಾಲೀಕರು ಹೊಸ ಹಣ ಹಾಕಿದರು, ಸರಕು ಕೊಟ್ಟವರಿಗೆ ಕಂತಿನಲ್ಲಾದರೂ ಪೂರ್ತಿ ಹಣ ಬಂತು, ಕೆಲಸ ಉಳಿಯಿತು ಅಂದ್ರೆ ಅಲ್ಲಿ ಲಾಭ ನಿಜವಾಗಿ ಹುಟ್ಟಿದೆ. ಗಮನಿಸಬೇಕಾದ್ದು ತ್ಯಾಗದ ಕ್ರಮ. ಸರತಿ ಸಾಲಿನ ನ್ಯಾಯದ ಪ್ರಕಾರ ಮೊದಲು ನಷ್ಟ ಹೊರಬೇಕಾದವರು ಷೇರುದಾರರು, ಅದರಲ್ಲೂ ಆಡಳಿತ ನಡೆಸಿದ ಪ್ರವರ್ತಕರು. ಸಾಲಿನಲ್ಲಿ ಅವರಿಗಿಂತ ಮುಂದೆ ಇರುವ ಲಾರಿ ಮಾಲೀಕನ ಬಾಕಿ ಕಡಿದು, ಅವರ ಷೇರಿಗೆ ಬೆಲೆ ಉಳಿಸುವ ಯೋಜನೆ ಬಂದರೆ ಸಾಲು ತಲೆಕೆಳಗಾಗಿದೆ ಅಂತ ಅರ್ಥ.

ಕೇಳಬೇಕಾದ ಏಳು ಪ್ರಶ್ನೆಗಳು

1. ಹಳೆಯ ಡೀಲ್ ಬಿದ್ದಿದ್ದು ಯಾಕೆ? ಆ ಕಾರಣ ಹೊಸದರಲ್ಲಿ ಪರಿಹಾರವಾಗಿದೆಯಾ?
2. ಒಟ್ಟು ಬೆಲೆಯಲ್ಲಿ ನಗದು ಎಷ್ಟು, ಷೇರು ಎಷ್ಟು, ‘ಮುಂದೆ ನೋಡೋಣ’ ಎಷ್ಟು?
3. ಷೇರು ಕೊಟ್ಟರೆ ಅದನ್ನು ಯಾವಾಗ, ಎಲ್ಲಿ ಮಾರಬಹುದು?
4. ನನಗಿಂತ ಮುಂದೆ ಸಾಲಿನಲ್ಲಿ ಯಾರಿದ್ದಾರೆ, ಅವರಿಗೆ ಒಟ್ಟು ಎಷ್ಟು ಹೋಗುತ್ತೆ?
5. ಪ್ರವರ್ತಕರಿಗೆ ಬೇರೆ ಹೆಸರಿನಲ್ಲಿ ಹಣ ಹೋಗುತ್ತಿದೆಯಾ? ಸಲಹಾ ಶುಲ್ಕ, ‘ಸ್ಪರ್ಧೆ ಮಾಡಲ್ಲ’ ಎಂಬ ಕರಾರಿನ ಹಣ, ಸಂಬಂಧಿಕರ ಕಂಪನಿಯ ಗುತ್ತಿಗೆ ಇತ್ಯಾದಿ.
6. ಸರಕು ಕೊಟ್ಟವರಿಗೆ, ಕಾರ್ಮಿಕರಿಗೆ ಪೂರ್ತಿ ಬಾಕಿ ಸಿಗುತ್ತಾ?
7. ಡೀಲ್ ಆಗದಿದ್ದರೆ ನನಗೆ ಎಷ್ಟು ಸಿಗುತ್ತಿತ್ತು? ಹೋಲಿಕೆ ಮಾಡಬೇಕಾದ್ದು ಹಳೆಯ ಕನಸಿನ ಬೆಲೆಯ ಜೊತೆ ಅಲ್ಲ, ಈ ಮೊತ್ತದ ಜೊತೆ.

ಮೊದಲ ಐದು ಮತ್ತು ಏಳನೆಯ ಪ್ರಶ್ನೆಯನ್ನು ಜಾಣ ಹೂಡಿಕೆದಾರರೆಲ್ಲ ಕೇಳುತ್ತಾರೆ. ಆರನೆಯದನ್ನು ಕೇಳುವವರು ಕಡಿಮೆ. ಅದು ಬರೀ ಕರುಣೆಯ ಪ್ರಶ್ನೆಯಲ್ಲ, ವ್ಯಾಪಾರದ್ದೂ ಹೌದು. ಬಾಕಿ ಮುಳುಗಿಸಿಕೊಂಡ ಫೌಂಡ್ರಿ ನಾಳೆ ಮುಂಗಡವಿಲ್ಲದೆ ಸರಕು ಕೊಡಲ್ಲ. ಸಂಬಳ ಸಿಗದ ಮೆಷಿನಿಸ್ಟ್ ನಾಳೆ ಕೆಲಸಕ್ಕೆ ಬರಲ್ಲ. ಅವರ ಪಾಲು ಕಡಿದು ತೋರಿಸಿದ ಲಾಭ ಮೊದಲ ವರ್ಷದ ಲೆಕ್ಕದಲ್ಲಿ ಮಾತ್ರ ಇರುತ್ತೆ.

ಸಾರ್ವಜನಿಕ ಬ್ಯಾಂಕ್ ಇಂಥ ಸಮಿತಿಯಲ್ಲಿ ಕೂತು ಸಾಲದ ದೊಡ್ಡ ಭಾಗ ಬಿಟ್ಟುಕೊಡುವಾಗ ಆ ದುಡ್ಡು ನಮ್ಮದೇ. ಹಾಗಿರುವಾಗ ಸರಕು ಕೊಟ್ಟವರಿಗೂ ಕಾರ್ಮಿಕರಿಗೂ ಅಲ್ಲಿ ಮತ ಬೇಕು ಅಂತ ಕೇಳುವುದು ಅತಿಯಾದ ಬೇಡಿಕೆಯೇನಲ್ಲ. ಕೊನೇಪಕ್ಷ, ಎಂಎಸ್‌ಎಂಇ ಪ್ರೀ-ಪ್ಯಾಕ್‌ಗೆ ಹಾಕಿರುವ ಷರತ್ತನ್ನು, ಅಂದರೆ ಇವರ ಬಾಕಿ ಕಡಿಯುವ ಯೋಜನೆ ಪೈಪೋಟಿ ಎದುರಿಸಲೇಬೇಕು ಅನ್ನುವುದನ್ನು, ಖಾಸಗಿ ಒಪ್ಪಂದದಿಂದ ನಡೆಯುವ ಪುನರ್‌ರಚನೆಗಳಿಗೂ ವಿಸ್ತರಿಸಬಹುದು. ಅಲ್ಲಿಯವರೆಗೆ, ಮುಂದಿನ ಬಾರಿ ‘ಪರಿಷ್ಕೃತ ಡೀಲ್‌ನಿಂದ ಹೂಡಿಕೆದಾರರಿಗೆ ಲಾಭ’ ಅಂತ ಓದಿದಾಗ, ಆರನೆಯ ಪ್ರಶ್ನೆಯಿಂದಲೇ ಶುರು ಮಾಡಿ.